ಪ್ರಾಮಾಣ್ಯವೂ ಯಂತ್ರಪರೀಕ್ಷೆಯೂ

ಶಿರಸಿಯ ಸಮೀಪದ ಸೋಂದೆಯ ನೆಲದಲ್ಲಿ ವಾದಿರಾಜರ ದ್ವೈತಮಠವೂ ಸ್ವರ್ಣವಲ್ಲಿಯ ಅದ್ವೈತಮಠವೂ ನೆರೆಹೊರೆಯಾಗಿದ್ದು ಭಿನ್ನಮತಗಳನ್ನು ಬೋಧಿಸುತ್ತಿದ್ದರೂ, ಜ್ಞಾನದ ಪ್ರಾಮಾಣ್ಯವು ಸ್ವತಃಸಿದ್ಧವೆಂಬಲ್ಲಿ ಉಭಯ ಸಂಪ್ರದಾಯಗಳೂ ಏಕಾಭಿಪ್ರಾಯವುಳ್ಳವು. ಅದು ಪರತಃ, ಸಫಲಪ್ರವೃತ್ತಿಯಿಂದ ನಿಶ್ಚಯವಾಗತಕ್ಕುದೆಂಬುದು ನೈಯಾಯಿಕರ ಪಕ್ಷ.

ಲಿನಕ್ಸ್‌ನ ನೆಟ್‌ವರ್ಕ್ ಡ್ರೈವರುಗಳ ಸ್ವಯಂಚಾಲಿತ ಪರೀಕ್ಷೆಯು ನ್ಯಾಯಮತಾನುಸಾರಿಯಾದುದು: ಯಂತ್ರವು ತನ್ನ ವಿಳಾಸಕ್ಕೆ ತಾನೇ ಕಳುಹಿದ ಸಂದೇಶವು ಸಾಮಾನ್ಯವಾಗಿ ಕಾರ್ಡನ್ನು ಮುಟ್ಟದೆಯೇ ಒಳಗಿಂದೊಳಗೆ ಮರಳುವುದರಿಂದ, ಎಸ್‌ಎಸ್‌ಎಚ್ ಮೂಲಕ ದೂರದ ಯಂತ್ರದಲ್ಲಿಯೂ ಆಜ್ಞೆಗಳನ್ನು ನಡೆಯಿಸಿ, ಎರಡರ ನಡುವೆ ವಸ್ತುತಃ ಸಂಚರಿಸಿದ ಪ್ಯಾಕೆಟ್ಟುಗಳನ್ನೇ ಪ್ರಮಾಣವಾಗಿ ಗ್ರಹಿಸುವರು. ಸಿದ್ದಾಪುರ, ಯಲ್ಲಾಪುರಗಳ ತಾಳಮದ್ದಳೆಯಲ್ಲಿಯೂ ಅರ್ಥಧಾರಿಯ ಸತ್ತ್ವವು ಪ್ರತಿವಾದಿಯಿಂದಲೇ ಪ್ರಕಟವಾಗುವುದಷ್ಟೆ.

ಆದರೆ ದೂರದ ಯಂತ್ರವು ನಿರ್ದುಷ್ಟವೆಂಬುದಕ್ಕೆ ಮತ್ತೊಂದು ಯಂತ್ರ, ಅದಕ್ಕೆ ಮಗುದೊಂದು ಎಂದರೆ ಅನವಸ್ಥಾದೋಷವು ತಪ್ಪದು. ಪರೀಕ್ಷೆಯು ಶಂಕೆಯನ್ನು ಕಳೆಯಬಲ್ಲುದು; ನಿಶ್ಚಯವು ಮಧ್ವಸಿದ್ಧಾಂತವು ಹೇಳುವಂತೆ ಅಂತಃಸಾಕ್ಷಿಯ ಕಾರ್ಯ. ಆ ಸಾಕ್ಷಿಯು ಯಂತ್ರದಲ್ಲಿಲ್ಲವಾದುದರಿಂದ, ಫಲಿತಾಂಶವನ್ನು ಓದುವ ಮನುಷ್ಯನ ಹೊಣೆಯು ಯಾಂತ್ರಿಕತೆ ಹೆಚ್ಚಿದಷ್ಟೂ ಗುರುತರವಾಗುವುದು.