ಬಂದವೆ, ಬಂದವಂತೆ

ಕನಕಪುರ ತಾಲ್ಲೂಕಿನ ಸಾತನೂರು ಹೋಬಳಿಯ ಕಾಡಂಚಿನ ಊರುಗಳಲ್ಲಿ ರಾಗಿ ತೆನೆಗಟ್ಟುವ ಹೊತ್ತಿಗೆ ಮಾತೆಲ್ಲ ಆನೆಯದೇ. ಕಾವೇರಿ ವನ್ಯಜೀವಿಧಾಮದ ಕಡೆಯಿಂದ ಅವು ರಾತ್ರಿ ಹೊಲಕ್ಕಿಳಿಯುತ್ತವೆ. ‘ಆನೆ ಬಂದವೆ’ ಎಂದು ಯಾರಾದರೂ ಕೂಗಿದರೆ ಮಲಗಿದ್ದವರು ಎದ್ದು ಟಾರ್ಚು, ಪಟಾಕಿ ಹುಡುಕುತ್ತಾರೆ. ‘ಬಂದವಂತೆ’ ಎಂದರೆ, ಯಾರು ಹೇಳಿದ್ದು, ಎಲ್ಲಿ ಎಂದು ಮೊದಲು ವಿಚಾರಿಸುತ್ತಾರೆ. ಬೆಳಗ್ಗೆ ಹೊಲದಲ್ಲಿ ಲದ್ದಿಯನ್ನೋ ತುಳಿದ ಪೈರನ್ನೋ ಕಂಡವರು ‘ರಾತ್ರಿ ಬಂದಿರ್ಬೇಕು’ ಅನ್ನುತ್ತಾರೆ. ಆನೆಯೂ ಅದೇ, ಬರುವುದೂ ಅದೇ. ಹೇಳುವವರಿಗೆ ಅದು ಹೇಗೆ ಗೊತ್ತಾಯಿತು ಎಂಬುದನ್ನು ಮಾತಿನ ಬಾಲದಲ್ಲಿರುವ ಒಂದೆರಡು ಅಕ್ಷರಗಳೇ ತಿಳಿಸಿಬಿಡುತ್ತವೆ.

ಶಾಲೆಯ ವ್ಯಾಕರಣದಲ್ಲಿ ‘ಬಂದೀತು, ಬಂದಾನು’ ಎಂಬ ಸಂಭಾವನಾರ್ಥಕ ರೂಪಕ್ಕೆ ಜಾಗವಿದೆ. ‘ಬಂದವಂತೆ’ಯ ಬಾಲದ ‘ಅಂತೆ’ಗೆ ಅಷ್ಟು ಮರ್ಯಾದೆ ಸಿಕ್ಕಿಲ್ಲ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವಾದಿಸಿದ್ದು ಇಂಥಲ್ಲಿ ನೆನಪಾಗುತ್ತದೆ.

ಕೊಲಂಬಿಯ-ಬ್ರೆಜಿಲ್ ಗಡಿಯ ಕಾಡುಗಳಲ್ಲಿ ಆಡುವ ತುಯುಕ ಎಂಬ ಭಾಷೆಯಲ್ಲಿ, ಹೇಗೆ ಗೊತ್ತಾಯಿತೆಂದು ತಿಳಿಸುವ ಇಂಥ ಗುರುತುಗಳು 5 ಬಗೆ. ಕಣ್ಣಾರೆ ಕಂಡದ್ದಕ್ಕೆ ಒಂದು, ಸದ್ದು-ವಾಸನೆಗಳಿಂದ ತಿಳಿದದ್ದಕ್ಕೆ ಇನ್ನೊಂದು. ಕುರುಹು ನೋಡಿ ಊಹಿಸಿದ್ದು, ಬೇರೆಯವರು ಹೇಳಿದ್ದು, ಸುಮ್ಮನೆ ಹಾಗಿರಬಹುದೆಂದು ಭಾವಿಸಿದ್ದು, ಇವಕ್ಕೂ ಬೇರೆ ಬೇರೆ ಪ್ರತ್ಯಯ. ಅಲ್ಲಿ ಇದು ಕಡ್ಡಾಯ. ನಮ್ಮಲ್ಲಿ ಬಿಟ್ಟರೂ ವಾಕ್ಯ ಕೆಡುವುದಿಲ್ಲ. ಹಾಗಿದ್ದೂ ಬಿಡದೆ ಹೇಳುವುದರಲ್ಲಿ ಹೇಳುವವರ ನಡತೆಯೇ ಕಾಣುತ್ತದೆಂದು ನನ್ನ ಭಾವನೆ.

‘ನಾನು ಹುಟ್ಟಿದಾಗ ಜಡಿಮಳೆ ಹಿಡಿದಿತ್ತಂತೆ’ ಎಂದೇ ಅಲ್ಲವೇ ನಾವು ಹೇಳುವುದು? ನಮ್ಮ ಬದುಕಿನ ಮೊದಲ ದಿನಕ್ಕೆ ನಾವೇ ಸಾಕ್ಷಿಯಲ್ಲ. ಅವ್ವ ಹೇಳಿದ್ದನ್ನು ನಂಬಿ ಹೇಳುತ್ತೇವೆ. ಮಗ್ಗುಲಲ್ಲೇ ಮಲಗಿದವಳ ನೋವೂ ಹಾಗೆಯೇ, ‘ಅವಳಿಗೆ ತಲೆನೋವಂತೆ’. ಅವಳನ್ನು ನಂಬಲಿಲ್ಲವೆಂದು ಇದರ ಅರ್ಥವಲ್ಲ. ಇನ್ನೊಬ್ಬರ ನೋವನ್ನು ಒಳಹೊಕ್ಕು ಕಂಡವರಂತೆ ಮಾತಾಡದ ವಿನಯ ಅದು. ದನಿ ಸ್ವಲ್ಪ ಏರಿದರೆ ಅದೇ ಮಾತು ಸಂಶಯವೂ ಆಗುತ್ತದೆ, ನಿಜ. ಆದರೂ ‘ಅಂತೆ ಕಂತೆ’ ಎಂದು ಈ ಪದವನ್ನೇ ಗಾಳಿಸುದ್ದಿಗೆ ಗಂಟುಹಾಕಿದ್ದು ಅನ್ಯಾಯ. ನನಗೆ ಕಂಡಂತೆ ಗಾಳಿಸುದ್ದಿ ಹುಟ್ಟುವುದು ಅಂತೆ ಉದುರಿಹೋದ ಮೇಲೆ.

ಈಗ ಅದು ಉದುರುವುದು ಮೊಬೈಲಿನಲ್ಲಿ. ಯಾರೋ ‘ಬಂದವಂತೆ’ ಎಂದದ್ದು ವಾಟ್ಸಾಪಿನಲ್ಲಿ ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟುವಷ್ಟರಲ್ಲಿ ‘ಬಂದವೆ’ ಆಗಿರುತ್ತದೆ, ಜೊತೆಗೆ ಎಲ್ಲಿಯದೋ ಒಂದು ಹಳೆಯ ಚಿತ್ರ. ಕತ್ತಲಲ್ಲಿ ಹೊಲ ಕಾಯುವವರು ಯಾವುದನ್ನು ನಂಬಿ ಯಾವ ಕಡೆಗೆ ಓಡಬೇಕು? ನೀವು ಕಣ್ಣಾರೆ ಕಾಣದ ಸುದ್ದಿಯಾದರೆ ಅಂತೆಯನ್ನು ಅಳಿಸಬೇಡಿ. ಯಾರು ಹೇಳಿದರೆಂಬುದನ್ನೂ ಸೇರಿಸಿಯೇ ಮುಂದಕ್ಕೆ ಕಳಿಸಿ.