ಕಟ್ಟುವವರು, ತಿನ್ನುವವರು

ಗುಹೆಯಲ್ಲಿ ಬದುಕುವ ಫ್ರಾಗಲ್ಲುಗಳೆಂಬ ಗೊಂಬೆಗಳ ಲೋಕದಲ್ಲಿ ವಾರಕ್ಕೆ ಅರ್ಧ ಗಂಟೆ ದುಡಿದರೆ ಮುಗಿಯಿತು. ಮಿಕ್ಕ ಹೊತ್ತೆಲ್ಲ ಹಾಡು, ಕುಣಿತ, ನೀರಾಟ. ಅದೇ ಗುಹೆಯಲ್ಲಿ ಅವರ ಮೊಣಕಾಲೆತ್ತರದ ಇನ್ನೊಂದು ಜನ ಬಿಡುವಿಲ್ಲದೆ ಏನಾದರೂ ಕಟ್ಟುತ್ತಲೇ ಇರುತ್ತದೆ. ಇವರು ಡೂಸರ್‌ಗಳು. ತಲೆಗೆ ಗಟ್ಟಿ ಟೋಪಿ, ಪಕ್ಕದಲ್ಲಿ ಪುಟ್ಟ ಕ್ರೇನು. ಮೂಲಂಗಿಯಿಂದ ಮಾಡಿದ ಗಾಜಿನಂಥ ಕಡ್ಡಿಗಳನ್ನು ಜೋಡಿಸಿ ಸೇತುವೆ, ಗೋಪುರ ಎಬ್ಬಿಸುತ್ತಾರೆ. ಅಷ್ಟರಲ್ಲಿ ಒಬ್ಬ ಫ್ರಾಗಲ್ ಆ ದಾರಿಯಾಗಿ ಬರುತ್ತಾನೆ, ಗೋಪುರದ ತುದಿ ಮುರಿದು ಕರುಂ ಕುರುಂ ತಿನ್ನುತ್ತಾನೆ, ಹಾಡಿಕೊಂಡು ಮುಂದಕ್ಕೆ ಹೋಗುತ್ತಾನೆ. ಡೂಸರ್‌ಗಳು ಮತ್ತೆ ಕಟ್ಟಲು ಶುರು ಮಾಡುತ್ತಾರೆ.

‘ಫ್ರಾಗಲ್ ರಾಕ್’ ಎಂಬ ಈ ಗೊಂಬೆ ಧಾರಾವಾಹಿ 1983ರ ಜನವರಿ 10ರಂದು ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ ಶುರುವಾಯಿತು. 1987ರವರೆಗೆ ಒಟ್ಟು 96 ಕಂತು. ಮಾಡಿದವರು ಕೆರ್ಮಿಟ್ ಎಂಬ ಕಪ್ಪೆಗೊಂಬೆಯ ಜನಕ ಜಿಮ್ ಹೆನ್ಸನ್. ಚಿತ್ರೀಕರಣ ಕೆನಡಾದ ಟೊರೊಂಟೊದಲ್ಲಿ. ನನ್ನ ಮಗಳು ಬೆಳೆದದ್ದೂ ಅದೇ ಊರಲ್ಲಿ. ಅವಳಿಗೆ ಇದು ಅಲ್ಲಿನ ಸಿಬಿಸಿ ವಾಹಿನಿಯಲ್ಲಿ ಬರುತ್ತಿದ್ದ ಕಾರ್ಯಕ್ರಮ, ನನಗೆ ಅಡುಗೆಮನೆಗೆ ತೇಲಿ ಬರುತ್ತಿದ್ದ ಹಾಡು. ಕೂತು ನೋಡಿದ್ದು ಕಡಿಮೆ. ಈಗ ಡಿವಿಡಿಗಳು ನನ್ನ ಪಾಲಿಗೆ ಬಂದಿವೆ. ಮನೆಮಂದಿ ಏಳುವ ಮುಂಚೆ ಕಾಫಿ ಲೋಟ ಹಿಡಿದು ಒಂದೊಂದು ಕಂತು ನೋಡುತ್ತೇನೆ. ಆ ಕಾಲದ ವಿಡಿಯೊ ಚಿತ್ರ ಇವತ್ತಿನ ಅಗಲ ಪರದೆಗೆ ಮಸುಕು. ಆದರೆ ಗೊಂಬೆಗಳ ಕಣ್ಣಲ್ಲಿ ಜೀವ ಇನ್ನೂ ಇದೆ.

ಆ ಜೀವ ತುಂಬುವುದು ಮೈಮುರಿಯುವ ಕೆಲಸ. ಸೆಟ್ಟಿನ ನೆಲವನ್ನೇ ಎತ್ತರಕ್ಕೆ ಕಟ್ಟಿರುತ್ತಾರೆ. ಆಡಿಸುವವರು ಅದರ ಕೆಳಗೆ, ತಲೆಯ ಮೇಲೆ ಕೈ ಎತ್ತಿ, ಒಂದು ಕೈಯಿಂದ ಬಾಯಿ ಆಡಿಸುತ್ತಾ, ಗೊಂಬೆ ಹೇಗೆ ಕಾಣುತ್ತಿದೆಯೆಂದು ಕಾಲ ಬಳಿಯ ಟಿವಿಯಲ್ಲಿ ನೋಡಿಕೊಳ್ಳುತ್ತಾ ಆಡಬೇಕು. ಗೋರ್ಗ್‌ಗಳೆಂಬ ದೈತ್ಯರದು ಇನ್ನೂ ವಿಚಿತ್ರ: ಒಳಗೆ ನಡೆಯುವವನು ಒಬ್ಬ, ಹೊರಗೆ ಕೂತು ದೂರನಿಯಂತ್ರಕದಿಂದ ಮುಖ ಆಡಿಸಿ ದನಿ ಕೊಡುವವನು ಇನ್ನೊಬ್ಬ. ಇಷ್ಟೆಲ್ಲ ಪಾಡುಪಟ್ಟಿದ್ದಾರೆ, ನಿಜ. ಆದರೂ ಗೋರ್ಗ್‌ಗಳ ಗದ್ದಲ ಶುರುವಾದರೆ ನನ್ನ ಬೆರಳು ರಿಮೋಟಿನ ಕಡೆಗೆ ಹೋಗುತ್ತದೆ.

ನನ್ನನ್ನು ಹಿಡಿದು ಕೂರಿಸಿದ್ದು ಮೊದಲ ಸೀಸನ್ನಿನ ಒಂದು ಕಂತು. ಮೋಕಿ ಎಂಬ ಫ್ರಾಗಲ್ ಹೆಣ್ಣು, ಕವಿತೆ ಬರೆಯುವವಳು, ಬಲು ಮೃದು ಮನಸ್ಸು. ಡೂಸರ್‌ಗಳ ಪಾಡು ನೋಡಿ ಅವಳ ಕರುಳು ಚುರುಕ್ಕೆನ್ನುತ್ತದೆ. ಪಾಪ, ಅಷ್ಟು ಕಷ್ಟಪಟ್ಟು ಕಟ್ಟುತ್ತಾರೆ, ನಾವು ಹೋಗಿ ತಿಂದುಬಿಡುತ್ತೇವಲ್ಲ! ಮಾತಿನ ಮಲ್ಲ ಕನ್ವಿನ್ಸಿಂಗ್ ಜಾನ್‌ನನ್ನು ಕರೆತರುತ್ತಾಳೆ. ಅವನು ಹಾಡಿ ಕುಣಿದು ಊರಿಗೆ ಊರೇ ಆಣೆ ಇಡುವಂತೆ ಮಾಡುತ್ತಾನೆ: ಇನ್ನು ಡೂಸರ್‌ಗಳು ಕಟ್ಟಿದ್ದನ್ನು ಯಾರೂ ಮುಟ್ಟುವಂತಿಲ್ಲ.

ಗೋಪುರಗಳು ಹಾಗೇ ಉಳಿಯುತ್ತವೆ, ಬೆಳೆಯುತ್ತವೆ, ಗುಹೆಯೆಲ್ಲ ತುಂಬಿಕೊಳ್ಳುತ್ತದೆ. ಕಟ್ಟಲು ಜಾಗವೇ ಇಲ್ಲ. ಡೂಸರ್‌ಗಳು ಗಂಟುಮೂಟೆ ಕಟ್ಟುತ್ತಾರೆ. ಅವರವರಲ್ಲೇ ಆಡಿಕೊಳ್ಳುವ ಮಾತು ಕಿವಿಗೆ ಬಿದ್ದಾಗಲೇ ಮೋಕಿಗೆ ಗೊತ್ತಾಗುವುದು: ಅವರು ಕಟ್ಟುತ್ತಿದ್ದದ್ದೇ ಫ್ರಾಗಲ್ಲುಗಳು ತಿನ್ನಲಿ ಎಂದು. ತಿನ್ನುವವರಿಲ್ಲದ ಊರಲ್ಲಿ ಅವರಿಗೇನು ಕೆಲಸ?

ಮೋಕಿ ಕೆಟ್ಟವಳಾಗಿದ್ದರೆ ಈ ಕಥೆಯಲ್ಲಿ ಹುರುಳಿರುತ್ತಿರಲಿಲ್ಲ. ಅವಳ ದಯೆ ಅಪ್ಪಟವಾದದ್ದು. ಊರವರನ್ನೆಲ್ಲ ಒಪ್ಪಿಸಿದಳು, ಭಾಷಣಕಾರನನ್ನೂ ಹುಡುಕಿ ತಂದಳು. ಕಾಲಬುಡದಲ್ಲೇ ಇದ್ದ ಡೂಸರ್ ಒಬ್ಬನ ಎದುರು ಕೂತು ‘ನಿನಗೇನು ಬೇಕಪ್ಪ?’ ಎಂದು ಕೇಳಲಿಲ್ಲ, ಅಷ್ಟೆ. ಇಂಥ ದಯೆ ನಮಗೆಲ್ಲ ಚೆನ್ನಾಗಿ ಗೊತ್ತು. ಮಾಡಿದ್ದೇವೆ, ಮಾಡಿಸಿಕೊಂಡೂ ಇದ್ದೇವೆ. ವಯಸ್ಸಾದ ತಾಯಿಯ ಕೈಯಿಂದ ಸೌಟು ಕಸಿದುಕೊಂಡು ‘ನೀನು ಸುಮ್ಮನೆ ಕೂತಿರಮ್ಮ’ ಎನ್ನುವ ಮಕ್ಕಳ ಪ್ರೀತಿಯಲ್ಲಿ ಕಲಬೆರಕೆ ಇಲ್ಲ. ಆದರೆ ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುವವಳಿಗೆ ತಟ್ಟೆ ಬರಿದಾಗುತ್ತಿರಬೇಕು, ‘ಇನ್ನೊಂದು’ ಎಂಬ ಕೂಗು ಬರುತ್ತಿರಬೇಕು. ಅವಳ ದೋಸೆಯನ್ನು ಯಾರೂ ತಿನ್ನದೆ ಕಾಪಾಡಿದರೆ ಅವಳಿಗೆ ಮಾಡಿದ ಉಪಕಾರವೇನು? ಅವಳಿಗೆ ನಿಜಕ್ಕೂ ಸೊಂಟ ನೋಯುತ್ತಿರಬಹುದು, ಸೌಟು ಕೆಳಗಿಟ್ಟರೆ ಸಾಕಪ್ಪ ಎನ್ನಿಸಿರಲೂಬಹುದು. ಎರಡರಲ್ಲಿ ಯಾವುದೆಂದು ಅವಳ ಮುಖ ನೋಡಿ ಊಹಿಸುವುದಕ್ಕಿಂತ ಬಾಯಿಬಿಟ್ಟು ಕೇಳುವುದು ಸುಲಭ. ಈ ಸುಲಭದ ಕೆಲಸವೇ ಮನೆಗಳಲ್ಲಿ ಬಾಕಿ ಉಳಿಯುತ್ತದೆ.

ಇದನ್ನು ಮನಸ್ಸಲ್ಲಿಟ್ಟುಕೊಂಡು ನೋಡಿದರೆ ಇಡೀ ಧಾರಾವಾಹಿಯೇ ಒಬ್ಬರನ್ನೊಬ್ಬರು ಕೇಳಿ ತಿಳಿಯದವರ ಕಥೆಯಾಗಿ ಕಾಣುತ್ತದೆ. ಫ್ರಾಗಲ್ಲುಗಳು ಗೋರ್ಗ್‌ಗಳ ತೋಟದ ಮೂಲಂಗಿ ಕದಿಯುತ್ತವೆ; ಗೋರ್ಗ್‌ಗಳ ಕಣ್ಣಿಗೆ ಅವು ತೋಟದ ಪೀಡೆ. ಆ ಮೂಲಂಗಿಯನ್ನು ಗೋರ್ಗ್‌ಗಳು ಬೆಳೆಯುವುದು ತಾವು ಮಾಯವಾಗಿ ಹೋಗದಂತೆ ಮೈಗೆ ಬಳಿದುಕೊಳ್ಳುವ ಮುಲಾಮಿಗೆ. ಅದು ಫ್ರಾಗಲ್ಲುಗಳಿಗೆ ಗೊತ್ತಿಲ್ಲ. ಗುಹೆಯ ಬಾಯಿ ತೆರೆಯುವುದು ಡಾಕ್ ಎಂಬ ಮುದುಕನ ಕಾರ್ಯಾಗಾರದ ಗೋಡೆಯಲ್ಲಿ. ಅವನ ನಾಯಿ ಸ್ಪ್ರಾಕೆಟ್ ಮೊದಲ ದಿನದಿಂದ ಆ ತೂತಿನ ಕಡೆ ಬೊಗಳುತ್ತಿದೆ, ಪಂಜದಲ್ಲಿ ತೋರಿಸುತ್ತಿದೆ. ಡಾಕ್ ನಾಯಿಯನ್ನು ಬಲು ಮುದ್ದು ಮಾಡುತ್ತಾನೆ, ಹಗಲೆಲ್ಲ ಅದರೊಡನೆ ಮಾತಾಡುತ್ತಾನೆ. ಅದು ಹೇಳುವುದು ಮಾತ್ರ ಅವನ ತಲೆಗೆ ಹೋಗುವುದಿಲ್ಲ. ಕೊನೆಯ ಕೆಲವು ಕಂತುಗಳು ಬರುವವರೆಗೂ ಡಾಕ್ ಮತ್ತು ಗೋಬೋ ಎಂಬ ಫ್ರಾಗಲ್ ಮುಖಾಮುಖಿಯಾಗುವುದೇ ಇಲ್ಲ.

ಜಗತ್ತಿಗೆ ಶಾಂತಿ ತರುವಂಥ ಮಕ್ಕಳ ಕಾರ್ಯಕ್ರಮ ಮಾಡಬೇಕೆಂಬುದು ಹೆನ್ಸನ್ ಅವರ ಆಸೆಯಾಗಿತ್ತಂತೆ. ಎಷ್ಟೋ ದೇಶಗಳಲ್ಲಿ ತೋರಿಸುವ ಲೆಕ್ಕದಲ್ಲೇ ಮಾಡಿದ್ದರಿಂದ ಡಾಕ್‌ನ ಭಾಗವನ್ನು ಬೇರೆಯಾಗಿ ಚಿತ್ರಿಸಲು ಅನುವು ಮಾಡಿಕೊಟ್ಟಿದ್ದರು. ಬ್ರಿಟನ್ನಿನಲ್ಲಿ ಅವನ ಜಾಗಕ್ಕೆ ದೀಪಸ್ತಂಭ ಕಾಯುವ ಕ್ಯಾಪ್ಟನ್ ಬಂದ. ಫ್ರಾನ್ಸಿನಲ್ಲೂ ಜರ್ಮನಿಯಲ್ಲೂ ಅಲ್ಲಲ್ಲಿಯ ನಟರು ಬಂದರು. ಹೆನ್ಸನ್ 1990ರ ಮೇ 16ರಂದು ತೀರಿಕೊಂಡರು; ಆಗ ಅವರಿಗೆ 53. ಯುದ್ಧಗಳೇನೂ ನಿಂತಿಲ್ಲ. ಅಷ್ಟು ದೊಡ್ಡ ಆಸೆಗೆ ಅವರು ಆರಿಸಿಕೊಂಡ ದಾರಿ ಮಾತ್ರ ನನಗೆ ಹಿಡಿಸುತ್ತದೆ. ‘ಎಲ್ಲರೂ ಒಂದೇ’ ಎಂದು ಹಾಡಿಸಿ ಕೈ ತೊಳೆದುಕೊಳ್ಳಲಿಲ್ಲ. ಒಬ್ಬರ ಅನ್ನ ಇನ್ನೊಬ್ಬರ ಕೈಯಲ್ಲಿದೆ, ಆದರೂ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿಲ್ಲ ಎಂಬುದನ್ನು ಮಕ್ಕಳ ಮುಂದಿಟ್ಟರು.

2022ರಲ್ಲಿ ಆಪಲ್ ಟಿವಿ ಪ್ಲಸ್ ಇದನ್ನು ಹೊಸದಾಗಿ ಮಾಡಿ ಬಿಟ್ಟಿತು. ಬಣ್ಣ ಚೆಂದ, ಚಿತ್ರ ನಿಚ್ಚಳ. ನನಗೆ ಹಳೆಯದೇ ಇಷ್ಟ. ಅದು ವಯಸ್ಸಿನ ಹಟ ಇದ್ದೀತು. ನಿಮಗೆ ಹಳೆಯ ಡಿವಿಡಿ ಎಲ್ಲಾದರೂ ಸಿಕ್ಕರೆ ಮೊಮ್ಮಕ್ಕಳಿಗೆ ಹಾಕಿಕೊಟ್ಟು ಎದ್ದು ಹೋಗಬೇಡಿ. ಮೋಕಿಯ ಆ ಕಂತನ್ನಾದರೂ ಅವರ ಪಕ್ಕದಲ್ಲಿ ಕೂತು ನೋಡಿ.