ಬಸದಿಯಿಲ್ಲದ ಬೆಟ್ಟ

ಹಾಸನ ಜಿಲ್ಲೆಯಲ್ಲಿ ಬೆಟ್ಟವೆಂದೊಡನೆ ಜೈನರ ಮನಸ್ಸು ಶ್ರವಣಬೆಳಗೊಳದತ್ತ ಹರಿಯುವುದು ಸಹಜ. ವಿಂಧ್ಯಗಿರಿಯನ್ನು ಏರುವವನಿಗೆ ಬಾಹುಬಲಿಸ್ವಾಮಿಯ ದರ್ಶನವೆಂಬ ಪ್ರಯೋಜನವಿದೆ. ಅದೇ ಜಿಲ್ಲೆಯ ಪಶ್ಚಿಮದಂಚಿನಲ್ಲಿ, ಸಕಲೇಶಪುರದಾಚೆ ಹೆಗ್ಗದ್ದೆಯ ಸುತ್ತಣ ಗುಡ್ಡಗಳು ಕಾಫಿ ತೋಟ, ಕಾಡುಗಳ ನಡುವೆ ಮೌನವಾಗಿ ನಿಂತಿವೆ. ಹೆಸರಾದ ತೀರ್ಥವಿಲ್ಲದ ಅಂತಹ ಗುಡ್ಡವನ್ನು ಶ್ರಾವಕನು ಏರುವುದು ಉಚಿತವೇ?

ಪ್ರಶ್ನೆ ಕ್ಷುಲ್ಲಕವಲ್ಲ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುತ್ತಾರೆ. ಅವುಗಳಲ್ಲೊಂದಾದ ಪ್ರಮಾದಚರ್ಯೆಯಲ್ಲಿ ಗಿಡ ಕಡಿಯುವುದರೊಡನೆ ವೃಥಾ ತಿರುಗಾಡುವುದೂ, ಇತರರನ್ನು ತಿರುಗಾಡಿಸುವುದೂ ಸೇರಿವೆ.

ಏಕಾಂತದಲ್ಲಿ ಸಾಮಾಯಿಕಕ್ಕೆ ಕುಳಿತುಕೊಳ್ಳುವುದು, ಕಷಾಯಗಳನ್ನು ಶಮನಗೊಳಿಸುವುದು ಪ್ರಯೋಜನವೇ ಹೌದು. ಆದರೆ ಭಾವ ಶುದ್ಧವಾಗಿದ್ದ ಮಾತ್ರಕ್ಕೆ ಕಾಲಡಿಯ ಇರುವೆ ಬದುಕುವುದಿಲ್ಲ. ಮುನಿಗಳ ಈರ್ಯಾಸಮಿತಿಯು ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ನಡೆಯೆನ್ನುತ್ತದೆ. ಮಳೆಗಾಲದಲ್ಲಿ ನೆಲವೆಲ್ಲ ಜೀವಮಯವಾಗುವುದರಿಂದಲೇ ಅವರು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುತ್ತಾರೆ. ಈ ನಿಯಮ ಗೃಹಸ್ಥನನ್ನು ಕಟ್ಟಿಹಾಕದಿದ್ದರೂ ಅದರ ಕಾರಣ ಅವನಿಗೂ ಅನ್ವಯಿಸುತ್ತದೆ.

ಮಲೆನಾಡಿನ ಮಳೆಯಲ್ಲಿ ಇಂಬಳಗಳು ಕಾಲಿಗೆ ಹತ್ತುತ್ತವೆ. ಜನರು ಉಪ್ಪು ಹಾಕಿ ಬಿಡಿಸುತ್ತಾರೆ. ಉಪ್ಪು ಬಿದ್ದ ಇಂಬಳ ಸಂಕಟಪಟ್ಟು ಸಾಯುತ್ತದೆ. ಅದು ಸ್ಪರ್ಶ, ರಸನೆಗಳುಳ್ಳ ದ್ವೀಂದ್ರಿಯ ಜೀವಿ. ತೋಟದಲ್ಲಿ ದುಡಿಯುವವನಿಗೆ ಅಲ್ಲಿ ಹೋಗದೆ ವಿಧಿಯಿಲ್ಲ. ವಿಹಾರಕ್ಕೆ ಬಂದವನಿಗೆ ಆ ನೆಪವಿಲ್ಲ. ತಂದೆಯೊಬ್ಬನು ಮಗನ ಕೈಗೆ ಉಪ್ಪಿನ ಗಂಟು ಕೊಟ್ಟು ಗುಡ್ಡ ತೋರಿಸಿದರೆ, ತನ್ನ ಸಂತೋಷದ ಬೆಲೆಯನ್ನು ಬೇರೆ ಜೀವಿ ತೆರಬಹುದೆಂಬ ಪಾಠವನ್ನೇ ಕಲಿಸಿದಂತಾಯಿತು. ಮಳೆ ನಿಂತು ನೆಲ ಒಣಗುವವರೆಗೆ ಕಾಯುವುದು ಅದಕ್ಕಿಂತ ದೊಡ್ಡ ಪಾಠ. ತೋಟದೊಡೆಯನ, ಅರಣ್ಯ ಇಲಾಖೆಯ ಅನುಮತಿ ಪಡೆಯುವುದು ಅಚೌರ್ಯಕ್ಕೆ ಸೇರಿದ್ದು.

ಇನ್ನು ಇತರರನ್ನು ತಿರುಗಾಡಿಸುವ ವಿಷಯ. 2012ರಲ್ಲಿ ಪಶ್ಚಿಮಘಟ್ಟಗಳ ಆಯ್ದ ತಾಣಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಕೀರ್ತಿಯೊಡನೆ ಕಾಲುಗಳೂ ಬರುತ್ತವೆ. ಕಂಡದ್ದನ್ನೆಲ್ಲ ಊರಿಗೆ ಸಾರುವವನು ಮುಂದೆ ಬರುವ ನೂರಾರು ಹೆಜ್ಜೆಗಳಿಗೂ ಅನುಮೋದನೆ ಕೊಟ್ಟಂತೆ. ಲೆಕ್ಕದ ಪುಸ್ತಕದಲ್ಲಿ ಸ್ವಂತ ಖರ್ಚನ್ನಷ್ಟೇ ಬರೆದು, ತಾನು ಹೊಣೆ ನಿಂತ ಸಾಲವನ್ನು ಮರೆಯುವ ವರ್ತಕನು ಜಾಣನಲ್ಲ.

ಆದುದರಿಂದ ಶ್ರಾವಕನು ಏರಲಿ. ಒಣನೆಲದಲ್ಲಿ, ನೋಡಿ, ನಿಧಾನವಾಗಿ. ಇಳಿದು ಬಂದ ಮೇಲೆ ಆ ಮೌನವನ್ನು ಮನೆಗೆ ತರಲಿ. ಬೆಟ್ಟದ ದಾರಿಯನ್ನು ಮಾತ್ರ ಬೆಟ್ಟಕ್ಕೇ ಬಿಟ್ಟು ಬರಲಿ.